ಮಗಳು ಸಣ್ಣ ಏನೂ ಆಗಿಲ್ಲ, ಮತ್ತೆ ಕಾಯಿಲೆ ಹೇಗೆ?

ಪ್ರಶ್ನೆ: ಮೇಡಂ, ಮಗಳು ಪಿಯುಸಿ ಓದುತ್ತಿದ್ದಾಳೆ. ಕೆಲವು ತಿಂಗಳಿಂದ ಊಟಕ್ಕೆ ಕರೆದರೆ ಜಗಳ. ಅನ್ನ ಮುಟ್ಟುವುದಿಲ್ಲ. ತಿಂದ ಕೂಡಲೇ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಾಳೆ. ಆದರೆ ನೋಡೋಕೆ ಸಣ್ಣ ಏನೂ ಇಲ್ಲ, ಮೈಕೈ ತುಂಬಿಕೊಂಡೇ ಇದ್ದಾಳೆ. ಇದು ಈಟಿಂಗ್ ಡಿಸಾರ್ಡರಾ, ಹಠವಾ?

ಕಾಯಿಲೆ ಇರಬಹುದು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಈ ವಾರವೇ. ಉತ್ತರ ಇಷ್ಟೇ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಬರುವ ಪ್ರಶ್ನೆಗಳಲ್ಲೆಲ್ಲ "ಆದರೆ ಸಣ್ಣ ಏನೂ ಇಲ್ಲ" ಅನ್ನುವ ಆ ಒಂದು ಸಾಲು ಇದ್ದೇ ಇರುತ್ತದೆ. ಹಾಗಾಗಿ ಇವತ್ತು ಆ ಸಾಲನ್ನೇ ಹಿಡಿದುಕೊಳ್ಳುತ್ತೇನೆ.

ಈ ಕಾಯಿಲೆ ಅಂದ ತಕ್ಷಣ ಎಲ್ಲರ ಕಣ್ಣ ಮುಂದೆ ಬರುವುದು ಮೂಳೆ ಚಕ್ಕಳವಾದ ಹುಡುಗಿ, ಅಲ್ವಾ? ಅದು ಅನೊರೆಕ್ಸಿಯಾದ, ಅಂದರೆ ದಪ್ಪ ಆಗುವ ಭಯದಿಂದ ಊಟ ಬಿಡುವ ಕಾಯಿಲೆಯ ಒಂದು ರೂಪ, ಅಷ್ಟೇ. ಬುಲಿಮಿಯಾ ಇರುವವರು ಒಮ್ಮೆಲೇ ತುಂಬಾ ತಿಂದು ಆಮೇಲೆ ವಾಂತಿ ಮಾಡಿಯೋ ಉಪವಾಸ ಬಿದ್ದೋ ಅದನ್ನು ಸರಿದೂಗಿಸಲು ನೋಡುತ್ತಾರೆ. ಇವರಲ್ಲಿ ಹೆಚ್ಚಿನವರ ತೂಕ ಸಾಮಾನ್ಯವಾಗಿಯೇ ಇರುತ್ತದೆ, ಇಲ್ಲ ಸ್ವಲ್ಪ ಜಾಸ್ತಿ. ಇನ್ನು ಬಿಂಜ್ ಈಟಿಂಗ್. ಹೊಟ್ಟೆ ಬಿರಿಯುವಷ್ಟು ತಿಂದು, ನಿಲ್ಲಿಸಲಾಗದೆ, ಆಮೇಲೆ ನಾಚಿಕೆಯಿಂದ ಕುಗ್ಗುವುದು. ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಸೇರಿಸಿದ್ದು 2013ರಲ್ಲಿ. ಇದಿರುವ ಎಷ್ಟೋ ಜನ ದಪ್ಪಗಿರುತ್ತಾರೆ. ಅವರಿಗೆ ನಾವು ಕೊಡುವ ಸಲಹೆ ಏನು? "ಡಯೆಟ್ ಮಾಡು." ಅದರಿಂದ ಹಸಿವು, ಹಸಿವಿನಿಂದ ಮತ್ತೆ ಬಿಂಜ್.

ಅದೇ ಕೈಪಿಡಿಯಲ್ಲಿ ಇನ್ನೊಂದು ಕಾಯಿಲೆಯೂ ಇದೆ. ಮೊದಲು ದಪ್ಪ ಇದ್ದವರು ಊಟ ಬಿಟ್ಟು ಬಹಳ ತೂಕ ಕಳೆದುಕೊಂಡಿರುತ್ತಾರೆ, ಆದರೂ ತಕ್ಕಡಿಯಲ್ಲಿ "ನಾರ್ಮಲ್". ಅನೊರೆಕ್ಸಿಯಾದ ಭಯ, ಅದೇ ಯೋಚನೆ ಎಲ್ಲ ಇರುತ್ತದೆ. ನಾಡಿ ಬಡಿತ ಕೂಡ ಅಷ್ಟೇ ಅಪಾಯಕಾರಿಯಾಗಿ ಇಳಿಯಬಹುದು. ಇಂಥ ಹುಡುಗಿ ಮದುವೆ ಮನೆಗೆ ಹೋದರೆ ಏನಾಗುತ್ತದೆ? ಅತ್ತೆ, ಚಿಕ್ಕಮ್ಮ, ಅವರ ನಾದಿನಿ ಎಲ್ಲ ಸುತ್ತ ನಿಂತು "ಎಷ್ಟು ಚೆನ್ನಾಗಿ ಇಳಿದಿದೀಯೇ, ಏನ್ ಮಾಡ್ದೆ ನಮಗೂ ಹೇಳು" ಅನ್ನುತ್ತಾರೆ. ಕಾಯಿಲೆಗೆ ಚಪ್ಪಾಳೆ ಸಿಗುತ್ತದೆ. ಆಮೇಲೆ ಅವಳು ಹೇಗೆ ಬಾಯಿ ಬಿಡಬೇಕು?

ಪದೇ ಪದೇ ವಾಂತಿ ಮಾಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಹೃದಯಕ್ಕೆ ನಿಮ್ಮ ಮಗಳ ಚೂಡಿದಾರದ ಸೈಜ್ ಗೊತ್ತಿಲ್ಲ. "ಬ್ಲಡ್ ಟೆಸ್ಟ್ ನಾರ್ಮಲ್ ಬಂತು" ಅಂತ ನೆಮ್ಮದಿಯಾಗುವವರೂ ಇದ್ದಾರೆ. ಕಾಯಿಲೆ ಜೋರಾಗಿದ್ದಾಗಲೂ ಅದು ಬಹಳ ದಿನ ನಾರ್ಮಲ್ಲೇ ಬರಬಹುದು.

ಮೈ ಬಿಟ್ಟು ನಡವಳಿಕೆ ನೋಡಿ. ಎಲ್ಲರ ಜೊತೆ ಕೂತು ತಿನ್ನುವುದನ್ನು ತಪ್ಪಿಸುವುದು, "ಕ್ಯಾಂಟೀನಲ್ಲೇ ತಿಂದೆ" ಅನ್ನುವುದು, ಡಬ್ಬಿಯ ತಿಂಡಿ ರಾತ್ರೋರಾತ್ರಿ ಖಾಲಿಯಾಗುವುದು, ಮುಟ್ಟು ನಿಲ್ಲುವುದು, ಸೆಕೆಯಲ್ಲೂ ಕೈ ತಣ್ಣಗಿರುವುದು, ಎದ್ದರೆ ತಲೆ ಸುತ್ತು, ಹಲ್ಲು ಸವೆಯುವುದು, ಕೆನ್ನೆಯ ಕೆಳಗೆ ಊತ. ಎಲ್ಲವೂ ಇರಬೇಕಿಲ್ಲ. ಗಂಡು ಹುಡುಗರಲ್ಲೂ ಇದೆ, ಅಲ್ಲಿ ಜಿಮ್ಮಿನ ಹೆಸರಲ್ಲಿ ಮುಚ್ಚಿಹೋಗುತ್ತದೆ.

"ತಾನು ತಿನ್ನಲ್ಲ, ಆದರೆ ಮನೆಯವರಿಗೆಲ್ಲ ಕೇಕ್ ಮಾಡಿ ಬಡಿಸ್ತಾಳೆ, ನಾಟಕ ಅಲ್ವಾ?" ಅಂತ ಕೇಳುವವರಿಗೆ: ಅಲ್ಲ. 1944ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರನ್ನು ಆರಿಸಿ, ಮುಂದಿನ ವರ್ಷ ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಆ ಗಂಡಸರು ಅಡುಗೆ ಪುಸ್ತಕ ಓದತೊಡಗಿದರು. ಇಡೀ ದಿನ ಊಟದ್ದೇ ಮಾತು. ಸಿಡುಕು, ಖಿನ್ನತೆ ಬಂತು. ಮನಸ್ಸು ಗಟ್ಟಿ ಇದ್ದವರಿಗೇ ಹಸಿವು ಹೀಗೆ ಮಾಡಿದರೆ, ಹದಿನೇಳರ ಹುಡುಗಿಯನ್ನು ಹಠಮಾರಿ ಅಂತ ಬೈದು ಏನು ಪ್ರಯೋಜನ?

ಮಾತಾಡುವುದಾದರೆ ತಟ್ಟೆಯ ಮುಂದೆ ಬೇಡ. ತೂಕದ ಮಾತು, ಪಕ್ಕದ ಮನೆಯವಳ ಮಾತು ಬೇಡ. "ನೀನು ಒಬ್ಬಳೇ ಒದ್ದಾಡ್ತಿದೀಯ ಅನ್ಸುತ್ತೆ, ನಾನಿದೀನಿ, ಡಾಕ್ಟರ ಹತ್ರ ಜೊತೆಗೆ ಬರ್ತೀನಿ" ಅಂದರೆ ಸಾಕು. ಮೊದಲು ಮಾಮೂಲಿ ಡಾಕ್ಟರು ನಾಡಿ, ಬಿಪಿ, ಇಸಿಜಿ, ಪೊಟ್ಯಾಸಿಯಂ ನೋಡಲಿ. ಆಮೇಲೆ ಮನೋವೈದ್ಯರು. ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಹದಿಹರೆಯದವರಿಗೆ ಮನೆಯವರೇ ಪಕ್ಕದಲ್ಲಿ ಕೂತು ಊಟ ಮಾಡಿಸುವ ಚಿಕಿತ್ಸೆಯೂ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬಹಳ ದಿನ ಹಸಿದಿದ್ದವರಿಗೆ ಡಾಕ್ಟರನ್ನು ಕೇಳದೆ ಒಮ್ಮೆಲೇ ತುಂಬಿ ಬಡಿಸಬೇಡಿ. ರಕ್ತದಲ್ಲಿ ಫಾಸ್ಫೇಟ್ ದಿಢೀರನೆ ಕುಸಿದು ಜೀವಕ್ಕೇ ಅಪಾಯವಾಗಬಹುದು. ತಲೆ ತಿರುಗಿ ಬಿದ್ದರೆ, ಎದೆ ಹೊಡೆದುಕೊಂಡರೆ, ಸಾಯುವ ಮಾತಾಡಿದರೆ ಅಪಾಯಿಂಟ್‌ಮೆಂಟ್ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಯಾರೂ ಕೇಳದ ಒಂದು ಮಾತು, ಆದರೂ ಹೇಳಿಬಿಡುತ್ತೇನೆ. ಉಪವಾಸ. ಗುರುವಾರ ರಾಯರ ಒಪ್ಪತ್ತು, ಸಂಕಷ್ಟಿ, ಏಕಾದಶಿ. ನಮ್ಮ ಮನೆಗಳಲ್ಲಿ ಇದಕ್ಕೆ ಬೈಯುವವರಿಲ್ಲ, "ಈಗಿನ ಕಾಲದಲ್ಲಿ ಎಷ್ಟು ಭಕ್ತಿ ನೋಡಿ" ಅನ್ನುತ್ತಾರೆ. ಕಾಯಿಲೆ ಇದರ ಹಿಂದೆ ಸುಲಭವಾಗಿ ಅಡಗಿಕೊಳ್ಳುತ್ತದೆ. ಗುರುತಿಸುವುದು ಕಷ್ಟವೇನಲ್ಲ. ವ್ರತ ಮಾಡುವವರು ಸಂಕಷ್ಟಿ ರಾತ್ರಿ ಚಂದ್ರನನ್ನು ನೋಡಿ ಖುಷಿಯಾಗಿ ಊಟ ಮಾಡುತ್ತಾರೆ, ದ್ವಾದಶಿ ಬೆಳಿಗ್ಗೆ ಪಾರಣೆಗೆ ಎಲೆ ಮುಂದೆ ಮೊದಲು ಕೂರುತ್ತಾರೆ. ಕಾಯಿಲೆ ಇರುವವಳು ಪಾರಣೆಯನ್ನೂ ಮುಂದೂಡುತ್ತಾಳೆ, ಪ್ರಸಾದವನ್ನೂ ಕರ್ಚೀಫಿನಲ್ಲಿ ಸುತ್ತಿಡುತ್ತಾಳೆ, ವಾರಕ್ಕೊಂದು ಹೊಸ ವ್ರತ ಹುಡುಕುತ್ತಾಳೆ. ಚಿಕಿತ್ಸೆಯಲ್ಲಿರುವವರು ಡಾಕ್ಟರು ಒಪ್ಪುವವರೆಗೆ ಉಪವಾಸ ಮಾಡಬಾರದು. ಕಾಯಿಲೆಯವರಿಗೆ, ಬಸುರಿಯರಿಗೆ ಸಂಪ್ರದಾಯದಲ್ಲೂ ವಿನಾಯಿತಿ ಇದೆ. ಈ ಮಾತನ್ನು ಅಜ್ಜಿಯ ಬಾಯಲ್ಲಿ ಹೇಳಿಸಿದರೆ ಮಗಳು ಕೇಳುವ ಸಾಧ್ಯತೆ ಜಾಸ್ತಿ. ಅದಕ್ಕೆ ಮೊದಲು ಅಜ್ಜಿಯನ್ನು ಒಪ್ಪಿಸಬೇಕು, ಅದು ನಿಮ್ಮ ಕೆಲಸ.