ನೋವು ನಿಜವೇ, ಆದರೂ ಸೈಕಾಲಜಿಸ್ಟ್ ಯಾಕೆ?

ವರ್ಷಗಟ್ಟಲೆ ಸೊಂಟನೋವು ಅಂತ ಅಲೆದವರಿಗೆ ಡಾಕ್ಟರು ‘ಒಮ್ಮೆ ಸೈಕಾಲಜಿಸ್ಟನ್ನೂ ನೋಡಿ’ ಅಂದರೆ ಸಿಟ್ಟು ಬರುತ್ತದೆ. ನಾನೇನು ಸುಮ್ನೆ ನಾಟಕ ಆಡ್ತಿದ್ದೀನಾ ಅನ್ನಿಸುತ್ತದೆ. ಸಿಟ್ಟು ಸಹಜ. ಆದರೆ ಈ ಚಿಕಿತ್ಸೆಯ ಹಿಂದಿರುವುದು ನೋವು ಸುಳ್ಳು ಅನ್ನುವ ಅನುಮಾನ ಅಲ್ಲ.

ಹಗ್ಗ ಎಳೆದರೆ ಗಂಟೆ ಬಾರಿಸುವ ಹಾಗೆ, ಕಾಲಿಗೆ ಬೆಂಕಿ ತಾಕಿದರೆ ಮಿದುಳಿಗೆ ಸುದ್ದಿ ಹೋಗುತ್ತದೆ ಅಂತ 17ನೇ ಶತಮಾನದಲ್ಲಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ವಿವರಿಸಿದ್ದ. ಗಾಯ ಎಷ್ಟೋ ನೋವೂ ಅಷ್ಟೇ ಅಂತ ವೈದ್ಯರು ಬಹುಕಾಲ ನಂಬಿದ್ದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಅರಿವಳಿಕೆ ವೈದ್ಯ ಹೆನ್ರಿ ಬೀಚರ್ ನೋಡಿದ್ದೇ ಬೇರೆ. ಭಾರಿ ಗಾಯವಾದ ಸೈನಿಕರಲ್ಲಿ ಹೆಚ್ಚಿನವರು ನೋವಿನ ಔಷಧಿಯನ್ನೇ ಕೇಳಲಿಲ್ಲ, ಅವರಿಗೆ ಆ ಗಾಯ ಅಂದರೆ ಯುದ್ಧದಿಂದ ಪಾರಾಗುವ ದಾರಿ ಅಂತ ಅವನು 1946ರಲ್ಲಿ ಬರೆದ. 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು: ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೊಂದು ಗೇಟ್ ಇದೆ, ಅದನ್ನು ತೆರೆಯುವ ಮುಚ್ಚುವ ಕೆಲಸದಲ್ಲಿ ಮಿದುಳಿಗೂ ಪಾಲಿದೆ.

ನನಗೆ ಜಾಸ್ತಿ ಇಷ್ಟವಾಗುವುದು ಸಿಯಾಟಲ್‌ನ ವಿಲ್ಬರ್ಟ್ ಫೋರ್ಡೈಸ್ ಕಥೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಈ ಮನಶ್ಶಾಸ್ತ್ರಜ್ಞ ಗಮನಿಸಿದ್ದು ತೀರಾ ಸಣ್ಣ ವಿಷಯ. ನೋವು ಬಂದಾಗ ಮಾತ್ರೆ ಸಿಗುತ್ತದೆ, ವಿಶ್ರಾಂತಿ ಸಿಗುತ್ತದೆ, ಮನೆಯವರು ಓಡಿ ಬರುತ್ತಾರೆ, ಚೆನ್ನಾಗಿ ನಡೆದಾಡಿದ ದಿನ ಮಾತ್ರ ಯಾರೂ ಕೇಳುವುದಿಲ್ಲ, ಅಲ್ವಾ? ಅವನು ಇದನ್ನು ತಿರುಗಿಸಿಬಿಟ್ಟ. ಮಾತ್ರೆ ನೋವು ನೋಡಿ ಅಲ್ಲ, ಗಡಿಯಾರ ನೋಡಿ, ಪ್ರಮಾಣವೂ ನಿಧಾನವಾಗಿ ಕಡಿಮೆ. ವ್ಯಾಯಾಮವನ್ನು ನೋವಾದ ಕೂಡಲೇ ನಿಲ್ಲಿಸುವಂತಿಲ್ಲ, ಮೊದಲೇ ಗೊತ್ತು ಮಾಡಿದಷ್ಟು ಮುಗಿಸಿ ಸುಧಾರಿಸಿಕೊಳ್ಳಬೇಕು. ನರಳಿದರೆ ಹೆಚ್ಚು ಗಮನ ಬೇಡ, ನಡೆದರೆ ಮೆಚ್ಚಿ ಅಂತ ಮನೆಯವರಿಗೂ ಪಾಠ. ಓದಿದರೆ ಕಲ್ಲುಹೃದಯ ಅನ್ನಿಸುತ್ತದೆ, ನನಗೂ ಇದರಲ್ಲಿ ಒಂದಿಷ್ಟು ಇರುಸುಮುರುಸು ಇದೆ. ಆದರೆ ಹಾಸಿಗೆ ಹಿಡಿದವರು ಓಡಾಡತೊಡಗಿದರು.

ಫೋರ್ಡೈಸ್ ತಲೆಯೊಳಗಿನ ಮಾತಿಗೆ ಅಷ್ಟಾಗಿ ಕೈಹಾಕಲಿಲ್ಲ. 80ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಡೆನಿಸ್ ಟರ್ಕ್ ಮತ್ತಿತರರು ಅದಕ್ಕೆ ಕೈಹಾಕಿದರು. ‘ನನ್ನ ಕಥೆ ಮುಗೀತು’, ‘ಬಗ್ಗಿದರೆ ಬೆನ್ನುಮೂಳೆ ಮುರಿಯುತ್ತೆ’ ಅನ್ನುವ ಯೋಚನೆಗಳು ಮನುಷ್ಯನನ್ನು ಕೂರಿಸಿಬಿಡುತ್ತವೆ, ಕೂತಷ್ಟೂ ಮೈ ಸೋಲುತ್ತದೆ. ಇಂಥ ಯೋಚನೆ, ನಡವಳಿಕೆಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಹಿಡಿಯುವುದು ಈ ಸುತ್ತನ್ನೇ. ಅದಕ್ಕೂ ಮುಂಚೆ, 1979ರಲ್ಲಿ, ಜಾನ್ ಕಬಟ್-ಝಿನ್ ಎಂಬಾತ ಮ್ಯಾಸಚೂಸೆಟ್ಸ್‌ನಲ್ಲಿ ನೋವಿನವರಿಗೆ ಧ್ಯಾನ ಕಲಿಸುವ ದಾರಿ ಹಿಡಿದಿದ್ದ.

ಆದರೂ 90ರ ದಶಕದಲ್ಲಿ ಅಮೆರಿಕದಲ್ಲಿ ಗೆದ್ದಿದ್ದು ಮಾತ್ರೆ. 1996ರಲ್ಲಿ ಆಕ್ಸಿಕಾಂಟಿನ್ ಅನ್ನುವ ಓಪಿಯಾಯ್ಡ್ (ಅಫೀಮಿನ ಜಾತಿಯ ನೋವುನಿವಾರಕ) ಮಾರುಕಟ್ಟೆಗೆ ಬಂತು, ಮುಂದೆ ಅಲ್ಲಿ ಇಂಥ ಮಾತ್ರೆಗಳ ಚಟವೇ ದೊಡ್ಡ ಪಿಡುಗಾಯಿತು. ತಿಂಗಳುಗಟ್ಟಲೆ ಕೂತು ಮಾತಾಡಿ ಕಲಿಸುವುದಕ್ಕಿಂತ ಚೀಟಿ ಬರೆಯುವುದು ಸುಲಭ.

ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ, ಬೇರೆ ಕಾರಣ ಸಿಗದ ದೀರ್ಘಕಾಲದ ನೋವಿಗೆ ಹೊಸದಾಗಿ ಓಪಿಯಾಯ್ಡ್ ಶುರುಮಾಡಬೇಡಿ, ಪ್ಯಾರಾಸಿಟಮಾಲ್ ಕೂಡ ಬೇಡ, ವ್ಯಾಯಾಮ, ಸಿಬಿಟಿಯಂಥವನ್ನು ಪರಿಗಣಿಸಿ ಅಂತ ಹೇಳಿತು. ಪವಾಡವೇನೂ ಇಲ್ಲ: ಸಿಬಿಟಿಯಿಂದ ಸಿಗುವ ಲಾಭ ಸಣ್ಣದು ಅಂತಲೇ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆ ಹೇಳಿದೆ. ನೋವು ಪೂರ್ತಿ ಮಾಯ ಮಾಡ್ತೀವಿ ಅನ್ನುವವರ ಹತ್ತಿರ ದುಡ್ಡು ಕಟ್ಟುವ ಮುಂಚೆ ಇದು ನೆನಪಿರಲಿ.