ರಫ್ತುಯೋಗ್ಯ ಹೆಚ್ಚುವರಿ: ಮಾಂಸ ವ್ಯಾಪಾರದ ಒಂದು ಪದ

ಒಂದು ದೇಶ ಉತ್ಪಾದಿಸಿದ ಮಾಂಸದಲ್ಲಿ ಅಲ್ಲಿನ ಜನ ತಿಂದು ಮಿಕ್ಕಿದ್ದು, ಹೊರದೇಶಕ್ಕೆ ಮಾರಲು ಸಿಗುವುದು 'ರಫ್ತುಯೋಗ್ಯ ಹೆಚ್ಚುವರಿ'. ಹೆಚ್ಚು ಉತ್ಪಾದಿಸಿದವರ ಬಳಿಯೇ ಹೆಚ್ಚು ಮಿಗುತ್ತದೆ ಎಂದೇನಿಲ್ಲ. ಹಂದಿಮಾಂಸದ ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲಿಗನಾದ ಚೀನಾ ಅದನ್ನು ಆಮದು ಮಾಡಿಕೊಳ್ಳುತ್ತದೆ. ಕಡಿಮೆ ಜನಸಂಖ್ಯೆಯ ನ್ಯೂಜಿಲೆಂಡ್‌ನ ಕುರಿಮಾಂಸದ ಬಹುಪಾಲು ಹಡಗು ಹತ್ತುತ್ತದೆ.

ಈ ಹೆಚ್ಚುವರಿಯನ್ನು ಗೋದಾಮಿನಲ್ಲಿ ಉಳಿದ ದಾಸ್ತಾನಿನಂತೆ ನೋಡುವುದು ದೊಡ್ಡ ತಪ್ಪು. ಮುಂದೆ ಸಿಗಬಹುದಾದ ಬೆಲೆಯನ್ನು ನಂಬಿ ಸಾಕಣೆದಾರರು ಅದನ್ನು ವರ್ಷಗಟ್ಟಲೆ ಬೆಳೆಸಿರುತ್ತಾರೆ. ಅರ್ಜೆಂಟೀನಾ ಇದನ್ನು ಕಷ್ಟಪಟ್ಟು ಕಲಿಯಿತು. ಒಳನಾಡಿನಲ್ಲಿ ದನದ ಮಾಂಸ ಅಗ್ಗವಾಗಿರಲೆಂದು 2006ರ ಮಾರ್ಚ್‌ನಲ್ಲಿ ಸರ್ಕಾರ ರಫ್ತನ್ನು ತಡೆಯಿತು. ನಿರ್ಬಂಧಗಳು ಮುಂದಿನ ವರ್ಷಗಳಲ್ಲೂ ಉಳಿದವು. ಲಾಭ ಕಾಣದ ಸಾಕಣೆದಾರರು ಹಸುಗಳನ್ನೂ ಕಸಾಯಿಖಾನೆಗೆ ಕಳುಹಿಸಿದರು, ಹುಲ್ಲುಗಾವಲಿನಲ್ಲಿ ಸೋಯಾ ಬಿತ್ತಿದರು. ಜೊತೆಗೆ ಬರವೂ ಬಂತು. ಕೆಲವೇ ವರ್ಷಗಳಲ್ಲಿ ಸುಮಾರು 1 ಕೋಟಿ ದನಗಳು ಕಡಿಮೆಯಾದವು. 2010ರಲ್ಲಿ ಒಳನಾಡಿನ ಬೆಲೆಯೇ ಗಗನಕ್ಕೇರಿತು. ಬಡವರಿಗೆ ನೆರವಾಗಲೆಂದು ಹೊರಟ ನೀತಿಯ ಪೆಟ್ಟು ಬಿದ್ದದ್ದೂ ಅವರಿಗೇ.

ರಫ್ತು ಏರಿತೆಂದರೆ ಸಾಕಣೆ ಸೊಗಸಾಗಿದೆ ಎಂದೂ ಅಲ್ಲ. ಆಸ್ಟ್ರೇಲಿಯಾದಲ್ಲಿ ಮಳೆ ಕೈಕೊಟ್ಟರೆ ಮೇವಿಲ್ಲದೆ ದನಗಳನ್ನು ಮಾರಬೇಕಾಗುತ್ತದೆ. ಆಗ ರಫ್ತು ಹೆಚ್ಚುತ್ತದೆ. ಮಳೆ ಮರಳಿದಾಗ ಹೆಣ್ಣುಕರುಗಳನ್ನು ಉಳಿಸಿಕೊಂಡು ಹಿಂಡು ಬೆಳೆಸುತ್ತಾರೆ, ರಫ್ತು ತಗ್ಗುತ್ತದೆ. ಆದ್ದರಿಂದ ಒಂದೇ ವರ್ಷದ ಅಂಕಿಯನ್ನು ನಾನು ನೆಚ್ಚುವುದಿಲ್ಲ.

ಕೋಳಿಮಾಂಸದ ಮಾತು ಬೇರೆ. ಅಲ್ಲಿ ಖರ್ಚಿನ ಬಹುಪಾಲು ಆಹಾರದ್ದು. ಮೆಕ್ಕೆಜೋಳ, ಸೋಯಾ ಎರಡನ್ನೂ ಹೇರಳವಾಗಿ ಬೆಳೆಯುವ ಬ್ರೆಜಿಲ್ ಕೋಳಿ ರಫ್ತಿನಲ್ಲಿ ಮೊದಲಿರುವುದಕ್ಕೆ ಇದು ಮುಖ್ಯ ಕಾರಣ. ಅದರ ಕರೆನ್ಸಿಯಾದ ರಿಯಲ್, ಡಾಲರ್ ಎದುರು ಕುಸಿದಾಗ ವಿದೇಶಿ ಕೊಳ್ಳುವವರಿಗೆ ಆ ಮಾಂಸ ಇನ್ನಷ್ಟು ಅಗ್ಗವಾಗುತ್ತದೆ.

ಪದದಲ್ಲಿರುವ 'ಯೋಗ್ಯ'ಕ್ಕೂ ತೂಕವಿದೆ. 2001ರಲ್ಲಿ ಬ್ರಿಟನ್‌ನಲ್ಲಿ ಕಾಲುಬಾಯಿ ರೋಗ ಹರಡಿದಾಗ ಅಲ್ಲಿನ ಮಾಂಸಕ್ಕೆ ಹೊರದೇಶಗಳ ಬಾಗಿಲು ಮುಚ್ಚಿತು. ಶೀತಲ ಸರಪಳಿ (ಕಸಾಯಿಖಾನೆಯಿಂದ ಕೊಳ್ಳುವವರವರೆಗೂ ಮಾಂಸವನ್ನು ತಣ್ಣಗಿಡುವ ವ್ಯವಸ್ಥೆ), ಪಶುವೈದ್ಯರ ಪ್ರಮಾಣಪತ್ರ, ಆಮದು ಸುಂಕ ಇವೆಲ್ಲ ಯೋಗ್ಯತೆಯ ಲೆಕ್ಕಕ್ಕೇ ಸೇರುತ್ತವೆ.

ಇಡೀ ಪ್ರಾಣಿಗೆ ಒಂದೇ ಮಾರುಕಟ್ಟೆ ಇರುವುದೂ ಇಲ್ಲ. ಅಮೆರಿಕದವರು ಹೆಚ್ಚು ಇಷ್ಟಪಡುವುದು ಕೋಳಿಯ ಎದೆಮಾಂಸವನ್ನು, ಕಾಲುಗಳು ರಫ್ತಾಗುತ್ತವೆ. ಧಾನ್ಯ ತಿನ್ನಿಸಿ ಕೊಬ್ಬಿಸಿದ ದನದ ದುಬಾರಿ ಭಾಗಗಳನ್ನು ಮಾರುವ ಅದೇ ಅಮೆರಿಕ, ಹ್ಯಾಂಬರ್ಗರ್‌ಗೆ ಬೇಕಾದ ಕೊಬ್ಬಿಲ್ಲದ ದನದ ಮಾಂಸವನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ತರಿಸಿಕೊಳ್ಳುತ್ತದೆ.