ನಂದಿಬೆಟ್ಟದ ಎಲೆ ಉಲಿಯಕ್ಕಿ: ಒಂದಾ, ಎರಡಾ?

ನವೆಂಬರ್ ಬೆಳಿಗ್ಗೆ. ನಂದಿಬೆಟ್ಟದ ಮೇಲೆ ಮಂಜು ಇನ್ನೂ ಕರಗಿಲ್ಲ. ತಲೆ ಮೇಲಿನ ಕೊಂಬೆಯಲ್ಲಿ ಏನೋ ಅಲ್ಲಾಡುತ್ತದೆ. ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಪಕ್ಕದ ಕೊಂಬೆಗೆ ಹಾರಿರುತ್ತದೆ. ಕಂಡದ್ದಿಷ್ಟು: ಮಾಸಲು ಬಿಳಿ ಹೊಟ್ಟೆ, ಕಣ್ಣಿನ ಮೇಲೊಂದು ತಿಳಿ ಹಳದಿ ಗೆರೆ, ರೆಕ್ಕೆ ಮೇಲೆ ಉಗುರಲ್ಲಿ ಗೀರಿದಂಥ ಸಣ್ಣ ಪಟ್ಟಿ. ಎಲೆ ಉಲಿಯಕ್ಕಿ (ಲೀಫ್ ವಾರ್ಬ್ಲರ್), ಸರಿ. ಆದರೆ ಅದರಲ್ಲಿ ಯಾವುದು?

ಈ ಒದ್ದಾಟ ಹಳೆಯದು. 1768ರಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿ ಗಿಲ್ಬರ್ಟ್ ವೈಟ್, ಜನ ಒಂದೇ ಅಂದುಕೊಂಡಿದ್ದ ಇಂಥದ್ದೇ ಹಕ್ಕಿಯಲ್ಲಿ ಮೂರು ಜಾತಿ ಇವೆ ಎಂದು ಬರೆದರು. ಮೂರರ ಹಾಡೂ ಬೇರೆ ಬೇರೆ ಅನ್ನುವುದನ್ನು ಅವರು ಕಿವಿಗೊಟ್ಟು ಗುರುತಿಸಿದ್ದರು.

ನಮ್ಮ ಕಡೆಯ ಹಕ್ಕಿಗಳಿಗೆ ಹೆಸರು ಬಿದ್ದದ್ದು ಬೇರೆ ದಾರಿಯಲ್ಲಿ. ಗ್ರೀನಿಶ್ ವಾರ್ಬ್ಲರ್ ಅನ್ನುವ ಎಲೆ ಉಲಿಯಕ್ಕಿಗೆ 1837ರಲ್ಲಿ ಸ್ವೀಡನ್ನಿನ ಪ್ರಾಣಿಶಾಸ್ತ್ರಜ್ಞ ಸುಂಡೆವಾಲ್ ಹೆಸರಿಟ್ಟರು. ದಪ್ಪ ಕೊಕ್ಕಿನ ಎಲೆ ಉಲಿಯಕ್ಕಿಗೆ 1843ರಲ್ಲಿ ಕಲ್ಕತ್ತೆಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಹೆಸರಿಟ್ಟರು. ಆ ಕಾಲದಲ್ಲಿ ಕೊಕ್ಕು, ರೆಕ್ಕೆ, ಬಣ್ಣವನ್ನು ಅಳೆದು ನೋಡಿಯೇ ಜಾತಿ ತೀರ್ಮಾನ. ಮ್ಯೂಸಿಯಂನಲ್ಲಿ ಒಣಗಿಸಿಟ್ಟ ಹಕ್ಕಿಯ ಚರ್ಮ ಹಾಡುವುದಿಲ್ಲ ಅಲ್ವಾ? ಹೊರಗಿನಿಂದ ಒಂದೇ ಥರ ಕಾಣುವ ಹಕ್ಕಿಗಳ ಗೊಂದಲ ಜಾಸ್ತಿ ಕಾಲ ಉಳಿದದ್ದು ಅದಕ್ಕೇ ಎಂದು ನನಗನ್ನಿಸುತ್ತದೆ.

ಗ್ರೀನಿಶ್ ವಾರ್ಬ್ಲರ್ ಕತೆಯಂತೂ ವಿಚಿತ್ರ. ಇವು ಟಿಬೆಟ್ ಪ್ರಸ್ಥಭೂಮಿಯ ಸುತ್ತ ಉಂಗುರದಂತೆ ಹಬ್ಬಿ ಮರಿ ಮಾಡುತ್ತವೆ. ಹಿಮಾಲಯದಿಂದ ಪಶ್ಚಿಮದ ಕಡೆಗೊಂದು ಸಾಲು, ಪೂರ್ವದ ಕಡೆಗೊಂದು ಸಾಲು. ಅಕ್ಕಪಕ್ಕದವು ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ ಹೋಗುತ್ತವೆ. ಎರಡೂ ಸಾಲು ಸೈಬೀರಿಯಾದಲ್ಲಿ ಎದುರಾಗುವ ಹೊತ್ತಿಗೆ ಒಂದನ್ನೊಂದು ಬೇರೆಯವರಂತೆ ನೋಡುತ್ತವೆ. 1938ರಲ್ಲೇ ಇಂಗ್ಲೆಂಡಿನ ಪಕ್ಷಿತಜ್ಞ ಟೈಸ್‌ಹರ್ಸ್ಟ್ ಇದನ್ನು ಗುರುತಿಸಿದ್ದರು. 2001ರಲ್ಲಿ ಜೀವವಿಜ್ಞಾನಿ ಡ್ಯಾರೆನ್ ಅರ್ವಿನ್ ಮತ್ತು ಸಂಗಡಿಗರು ಕಾರಣ ತೋರಿಸಿದರು. ಉತ್ತರಕ್ಕೆ ಹೋದಷ್ಟೂ ಹಾಡು ಉದ್ದವಾಗುತ್ತದೆ, ಆದರೆ ಎರಡು ದಾರಿಯಲ್ಲಿ ಎರಡು ರೀತಿ. ಧ್ವನಿಮುದ್ರಣ ಕೇಳಿಸಿದರೆ ಸೈಬೀರಿಯಾದಲ್ಲಿ ಈ ಕಡೆಯ ಗಂಡು ಆ ಕಡೆಯ ಹಾಡಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. 2014ರ ಡಿಎನ್‌ಎ ಅಧ್ಯಯನ ಮಾತ್ರ ಈ ಉಂಗುರ ಹಿಂದೆ ಕೆಲವು ಕಡೆ ತುಂಡಾಗಿತ್ತು ಎಂದು ತೋರಿಸಿತು.

ಹಾಗಾದರೆ ಇದು ಒಂದು ಜಾತಿಯಾ, ಎರಡಾ? ಪೂರ್ವದ ಸಾಲಿನ ಹಕ್ಕಿಗೆ ಜಗತ್ತಿನ ಹಕ್ಕಿ ಜಾತಿಗಳ ಕೆಲವು ಪಟ್ಟಿಗಳು ಬೇರೆ ಹೆಸರು ಕೊಟ್ಟವು, ಕೆಲವು ಕೊಡಲಿಲ್ಲ. ಒಬ್ಬೊಬ್ಬರದು ಒಂದೊಂದು ಪಟ್ಟಿ ಆಗಿ ಗೊಂದಲವಾಗಿದ್ದರಿಂದಲೇ ಎಲ್ಲವನ್ನೂ ಒಂದು ಮಾಡಲು 2025ರಲ್ಲಿ ಏವಿಲಿಸ್ಟ್ ಎಂಬ ಒಂದೇ ಪಟ್ಟಿ ಬಂತು. ನಂದಿಯ ಮರಗಳಿಗೆ ಚಳಿಗಾಲ ಕಳೆಯಲು ಬರುವುದು ಪಶ್ಚಿಮದ ಸಾಲಿನವು. ಪೂರ್ವದವು ಆಗ್ನೇಯ ಏಷ್ಯಾಕ್ಕೆ ಹೋಗುತ್ತವೆ.

ಕನ್ನಡದಲ್ಲಿ ನಾವು ಸಾಮಾನ್ಯವಾಗಿ ಇವೆಲ್ಲವನ್ನೂ ಸುಮ್ನೆ 'ಎಲೆ ಉಲಿಯಕ್ಕಿ' ಎನ್ನುತ್ತೇವೆ. ಒಂದೊಂದಕ್ಕೂ ಅದರದೇ ಹೆಸರು ಬೇಕು, ಅದು ಕೂಗಿನಿಂದಲೇ ಬಂದರೆ ಎಷ್ಟು ಚೆಂದ. ಗ್ರೀನಿಶ್ ಚಳಿಗಾಲದಲ್ಲೂ ತನ್ನ ಜಾಗ ಬಿಟ್ಟುಕೊಡದೆ 'ಚಿಸ್ಲಿ, ಚಿಸ್ಲಿ' ಎನ್ನುತ್ತಿರುತ್ತದೆ. ದಪ್ಪ ಕೊಕ್ಕಿನದು ಎರಡು ಸ್ವರದ ಸಿಳ್ಳೆ ಹಾಕುತ್ತದೆ, ಎರಡನೆಯದು ಎತ್ತರದಲ್ಲಿ. ಬೈನಾಕ್ಯುಲರ್ ಕೆಳಗಿಳಿಸಿ ಐದು ನಿಮಿಷ ನಿಂತರೆ ಸಾಕು, ಒಂದೇ ಮರದಿಂದ ಎರಡೂ ಕೇಳಿಸುತ್ತವೆ.